ಇನ್ನೊಂದು ರೊಟ್ಟಿ

ಪ್ರಯಾಣದ ನಡುವೆ ಸಿಗುವ ಹಳೆಯ ಗೆಳೆಯನಿಗೆ ನಾವು ಕೊಡುವುದು ಎರಡು ರೈಲುಗಳ ನಡುವಿನ ಬಿಡುವು. ಹಾಗಾಗಿ ಊಟಕ್ಕೆ ಎಲ್ಲಿ ಕೂರುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಹುಬ್ಬಳ್ಳಿಯನ್ನೇ ನೋಡಿ. ಅಲ್ಲಿ 2023ರಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು. ಕಾಯುತ್ತಿರುವವನನ್ನು ಹುಡುಕಲು ಫೋನೇ ಬೇಕು! ಸಿಕ್ಕ ಮೇಲೆ ನೇರ ಖಾನಾವಳಿಗೆ ನಡೆಯಿರಿ. ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು ತಟ್ಟೆಯಲ್ಲಿ ಮೊದಲೇ ಕೂತಿರುತ್ತವೆ. ಬಿಸಿ ಜೋಳದ ರೊಟ್ಟಿ ಮಾತ್ರ ಒಂದೊಂದಾಗಿ ಬರುತ್ತದೆ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಬಿಸಿನೀರಲ್ಲಿ ಹಿಟ್ಟು ನಾದಿ, ಕೈಯಲ್ಲೇ ತಟ್ಟಬೇಕು. ಹಾಗಾಗಿ ರೊಟ್ಟಿಗೂ ರೊಟ್ಟಿಗೂ ನಡುವೆ ಒಂದು ತೆರಪು. ಆ ತೆರಪಿನಲ್ಲೇ ಮಾತು. ಮೊದಲು ನೌಕರಿ, ಮಕ್ಕಳು, ಸೈಟು, ಶುಗರು. ಯಾರಿಗಾದರೂ ಹೇಳಬಹುದಾದ ಸುದ್ದಿ. ಆಮೇಲೆ ಹಾಸ್ಟೆಲ್ಲಿನ ಅಡ್ಡಹೆಸರುಗಳು ಏಳುತ್ತವೆ. ಮತ್ತೊಂದು ರೊಟ್ಟಿ ಮುರಿಯುವಾಗಲೇ ತೀರಿಕೊಂಡ ಅಪ್ಪ, ಮಾತು ಬಿಟ್ಟ ತಮ್ಮ. ಬಫೆಯಲ್ಲಿ ತಟ್ಟೆ ಹಿಡಿದು ನಿಂತವರಿಗೆ ಈ ಮಾತು ಎಲ್ಲಿಂದ ಬರಬೇಕು?

"ಇನ್ನೊಂದ್ ಹಾಕ್ಲೇನ್ರಿ?" ಅಂದರೆ ಹಸಿವಿಲ್ಲದಿದ್ದರೂ ಹೂಂ ಅನ್ನಿ. ಬಿಲ್ಲು ಬಂದಾಗ ಜಗಳ ಇದ್ದದ್ದೇ. ಊರು ಗೆಳೆಯನದು, ಗಲ್ಲೆಯವನೂ ಅವನ ಪರಿಚಯದವನು, ಅವನೇ ಗೆಲ್ಲುತ್ತಾನೆ.