ಹಿಜ್ಕೀಯನು ಒಡೆದ ಹಾವು

ವಿಗ್ರಹಾರಾಧನೆಯ ಮಾತು ಬಂದಾಗ ನಮ್ಮ ಕಣ್ಣು ಸಾಮಾನ್ಯವಾಗಿ ಪರರ ಪೂಜೆಯ ಕಡೆಗೆ ಹೊರಳುತ್ತದೆ. ತಪ್ಪು ಅವರದು, ತಿಳಿವು ನಮ್ಮದು ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಬೈಬಲಿನ ಎರಡನೆಯ ಅರಸುಗಳ ಗ್ರಂಥದ ೧೮ನೆಯ ಅಧ್ಯಾಯದಲ್ಲಿರುವ ಒಂದು ವಚನ ಈ ತೀರ್ಪನ್ನು ತಿರುಗಿಸಿ ನಮ್ಮ ಮುಂದೆಯೇ ಇಡುತ್ತದೆ.

ಹಿಜ್ಕೀಯನು ೨೫ನೆಯ ವಯಸ್ಸಿನಲ್ಲಿ ಯೆಹೂದ ರಾಜ್ಯದ ಪಟ್ಟವೇರಿ ಯೆರೂಸಲೇಮಿನಲ್ಲಿ ೨೯ ವರ್ಷ ಆಳಿದನು. ಕ್ರಿಸ್ತನಿಗೆ ಸುಮಾರು ೭೦೦ ವರ್ಷ ಹಿಂದಿನ ಮಾತು. ಅವನು ಅನ್ಯದೇವತೆಗಳ ಕಂಬಗಳನ್ನು ಕೆಡವಿಸಿದನು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೋಶೆ ಮಾಡಿದ್ದ ತಾಮ್ರದ ಹಾವನ್ನೂ ಚೂರುಚೂರು ಮಾಡಿದನು.

ಆ ಹಾವು ಅನ್ಯರದಲ್ಲ. ಅದರ ಕಥೆ ಅರಣ್ಯಕಾಂಡದ ೨೧ನೆಯ ಅಧ್ಯಾಯದಲ್ಲಿದೆ. ಮರುಭೂಮಿಯ ದಾರಿಯಲ್ಲಿ ಬೇಸತ್ತು ಗೊಣಗಿದ ಇಸ್ರಾಯೇಲ್ಯರನ್ನು ವಿಷಸರ್ಪಗಳು ಕಚ್ಚಿದವು. ಬಹಳ ಜನ ಸತ್ತರು. ಆಗ ದೇವರ ಅಪ್ಪಣೆಯಂತೆ ಮೋಶೆ ತಾಮ್ರದ ಹಾವನ್ನು ಮಾಡಿ ಕಂಬದ ಮೇಲೆ ನಿಲ್ಲಿಸಿದನು. ಕಚ್ಚಿಸಿಕೊಂಡವರು ಅದನ್ನು ನೋಡಿ ಬದುಕಿದರು. ಪೂರ್ವಿಕರ ಪ್ರಾಣ ಉಳಿಸಿದ ವಸ್ತುವನ್ನೇ ಅರಸನು ಒಡೆದನಲ್ಲ, ಏಕೆ? ಜನರು ಅದಕ್ಕೆ ಧೂಪ ಹಾಕುತ್ತಿದ್ದರು ಎಂದು ಗ್ರಂಥವೇ ಕಾರಣ ಕೊಡುತ್ತದೆ.

ಕ್ರಿ.ಶ. ೨೦೦ರ ಸುಮಾರಿಗೆ ಸಂಗ್ರಹವಾದ ಮಿಷ್ನಾ ಎಂಬ ಯೆಹೂದ್ಯರ ಗ್ರಂಥದಲ್ಲಿ ಪಂಡಿತರು ಈ ಕಥೆಯನ್ನು ವಿಚಾರಿಸಿದ್ದಾರೆ. ಹಾವಿಗೆ ಕೊಲ್ಲುವ ಶಕ್ತಿಯೂ ಇಲ್ಲ, ಬದುಕಿಸುವ ಶಕ್ತಿಯೂ ಇಲ್ಲ. ಜನ ಮೇಲಕ್ಕೆ ನೋಡಿ ಹೃದಯವನ್ನು ದೇವರಿಗೆ ಒಪ್ಪಿಸಿದಾಗ ವಾಸಿಯಾದರು ಎಂಬುದು ಅವರ ಅಭಿಪ್ರಾಯ. ಕಣ್ಣನ್ನು ಮೇಲೆತ್ತಲಿಕ್ಕೆಂದು ಕಂಬವಿತ್ತು. ಕಾಲ ಕಳೆದಂತೆ ಕಣ್ಣು ಕಂಬದಲ್ಲಿಯೇ ನಿಂತುಬಿಟ್ಟಿತು.

ಈ ವಚನವನ್ನು ಹಿಡಿದುಕೊಂಡು ನೆರೆಯವರ ಪೂಜೆಯನ್ನು ಹಳಿಯಹೊರಟರೆ ಅದರ ಪಾಠವೇ ಕೈತಪ್ಪುತ್ತದೆ. ಹಿಜ್ಕೀಯನು ತನ್ನ ಮನೆಯನ್ನೂ ಶೋಧಿಸಿದನು. ನೀವೂ ನಿಮ್ಮ ಮನೆಯನ್ನು ನೋಡಿಕೊಳ್ಳಿ. ಮಗುವಿನ ಕಲಿಕೆಯನ್ನು ಅಳೆಯಬೇಕಾದ ಅಂಕ ಕಲಿಕೆಯನ್ನೇ ನುಂಗಿದೆಯೆ? ಗೋಡೆಯ ಮೇಲಿನ ಹಿರಿಯರ ಪಟಕ್ಕೆ ಹಾರ ತಪ್ಪುವುದಿಲ್ಲ. ಅವರು ನಡೆದ ದಾರಿ ಯಾರಿಗಾದರೂ ನೆನಪಿದೆಯೆ?

ಕೆಟ್ಟದ್ದನ್ನು ಬಿಡುವುದು ಕಷ್ಟ. ಒಂದು ಕಾಲಕ್ಕೆ ನಮ್ಮನ್ನು ಕಾಪಾಡಿದ್ದನ್ನು ಬಿಡುವುದು ಇನ್ನೂ ಕಷ್ಟ. ಅದರ ಋಣ ನಮ್ಮ ಮೇಲಿರುತ್ತದೆ. ಎಲ್ಲವನ್ನೂ ಒಡೆಯಬೇಕಾಗಿಲ್ಲ. ಆದರೆ ನಾವು ಆದರದಿಂದ ಕಾಪಾಡಿಕೊಂಡು ಬಂದ ಪ್ರತಿಯೊಂದನ್ನೂ ಆಗಾಗ ಕೇಳಬೇಕು: ನೀನು ನನ್ನ ಕಣ್ಣನ್ನು ಇನ್ನೂ ಮೇಲಕ್ಕೆತ್ತುತ್ತಿದ್ದೀಯೋ, ಇಲ್ಲ ನಿನ್ನಲ್ಲಿಯೇ ಕಟ್ಟಿಹಾಕಿದ್ದೀಯೋ?