ಮನೆಯ ಗಣಕಯಂತ್ರಕ್ಕೆ ಕಾವಲು

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದ ಉಪನ್ಯಾಸ)



ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವವರಿಗೆ ಸಿದ್ಧ ಸಾಮಗ್ರಿ ದೊರೆಯುವುದು ವಿರಳ. ಮಲಯಾಳಂ, ತಮಿಳು, ಮರಾಠಿ, ತೆಲುಗು ಭಾಷೆಗಳಲ್ಲಿ ಬಂದ ಸುತ್ತೋಲೆಗಳನ್ನು ಕನ್ನಡಕ್ಕೆ ತಂದುಕೊಳ್ಳಬೇಕು. ಪ್ರಶ್ನೆಪತ್ರಿಕೆಗಳನ್ನು ತಾವೇ ಸಿದ್ಧಪಡಿಸಬೇಕು. ಅಭ್ಯಾಸದ ಹಾಳೆಗಳನ್ನು ತಾವೇ ಬರೆಯಬೇಕು. ಹಲವು ವರ್ಷಗಳ ಇಂಥ ದುಡಿಮೆ ಇಂದು ಅನೇಕ ಶಿಕ್ಷಕರ ಮನೆಯ ಗಣಕಯಂತ್ರದಲ್ಲಿ ಅಡಗಿದೆ. ಅದು ಅಳಿದುಹೋದರೆ ಯಾವ ಅಂಗಡಿಯಲ್ಲೂ ಕೊಳ್ಳಲು ಸಿಗದು. ಆದುದರಿಂದ ಗಣಕದ ರಕ್ಷಣೆಯನ್ನು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಬದಿಗಿಡುವಂತಿಲ್ಲ.

ಬಳಕೆದಾರನ ಒಪ್ಪಿಗೆಯಿಲ್ಲದೆ ಅವನಿಗೆ ಹಾನಿಮಾಡುವ ಉದ್ದೇಶದಿಂದ ರಚಿತವಾದ ತಂತ್ರಾಂಶವೇ ಮಾಲ್‌ವೇರ್. ಕನ್ನಡದಲ್ಲಿ ಕುತಂತ್ರಾಂಶ ಎನ್ನಬಹುದು. ಇದರಲ್ಲಿ ಹಲವು ಬಗೆಗಳುಂಟು. ಬೇರೊಂದು ಕಡತಕ್ಕೆ ಅಂಟಿಕೊಂಡು ಅದನ್ನು ತೆರೆದಾಗ ಹರಡುವುದು ವೈರಸ್. ತನ್ನ ಪ್ರತಿಗಳನ್ನು ತಾನೇ ಮಾಡಿಕೊಂಡು ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ಸಾಗುವುದು ವರ್ಮ್. ಉಪಯುಕ್ತ ತಂತ್ರಾಂಶದ ವೇಷದಲ್ಲಿ ಒಳಸೇರುವುದು ಟ್ರೋಜನ್. ಮರೆಯಲ್ಲಿದ್ದು ಪಾಸ್‌ವರ್ಡುಗಳನ್ನೂ ಬ್ಯಾಂಕಿನ ವಿವರಗಳನ್ನೂ ಕದಿಯುವುದು ಸ್ಪೈವೇರ್. ಕಡತಗಳಿಗೆ ಗೂಢಲಿಪಿಯ ಬೀಗ ಜಡಿದು, ಕೀಲಿಗಾಗಿ ಹಣ ಕೇಳುವುದು ರಾನ್ಸಮ್‌ವೇರ್.

ಇವುಗಳ ನಡೆಯನ್ನು ಅರಿಯಲು ಎರಡು ಪ್ರಸಂಗಗಳು ಸಾಕು.

2000ದ ಮೇ ತಿಂಗಳಿನಲ್ಲಿ ಫಿಲಿಪೈನ್ಸ್ ದೇಶದಿಂದ ಹೊರಟ ‘ಐ ಲವ್ ಯೂ’ ಎಂಬ ವರ್ಮ್ ಇಮೇಲ್ ಮೂಲಕ ಜಗತ್ತಿನಾದ್ಯಂತ ಹರಡಿತು. ಪತ್ರದೊಂದಿಗೆ ಬಂದ ಕಡತ ಪ್ರೇಮಪತ್ರದಂತೆ ತೋರುತ್ತಿತ್ತು. ಅದರ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ.ವಿಬಿಎಸ್’ ಎಂದಿತ್ತು. ವಿಂಡೋಸ್ ವ್ಯವಸ್ಥೆಯು ಹೆಸರಿನ ಕೊನೆಯ ಭಾಗವನ್ನು ಮರೆಮಾಡುತ್ತಿದ್ದುದರಿಂದ ಬಹುತೇಕರಿಗೆ ‘ಟಿಎಕ್ಸ್‌ಟಿ’ ಮಾತ್ರ ಕಂಡಿತು. ಸಾಧಾರಣ ಬರಹವೆಂದು ಭಾವಿಸಿ ತೆರೆದರು. ವಾಸ್ತವವಾಗಿ ಅದು ಆಜ್ಞೆಗಳನ್ನು ನಡೆಸುವ ಕಡತವಾಗಿತ್ತು. ತೆರೆದೊಡನೆ ಅದು ಚಿತ್ರಗಳೇ ಮೊದಲಾದ ಕಡತಗಳನ್ನು ಹಾಳುಮಾಡಿ, ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸಿತು. ಪತ್ರ ಪರಿಚಿತರ ಹೆಸರಿನಲ್ಲಿ ಬಂದುದರಿಂದಲೇ ಜನ ಅದನ್ನು ನಂಬಿದರು.

ಎರಡನೆಯದು 2017ರ ಮೇ 12ರಂದು ಕಾಣಿಸಿಕೊಂಡ ‘ವಾನಾಕ್ರೈ’. ಇದು ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳ ಕಡತಗಳಿಗೆ ಬೀಗ ಹಾಕಿ, ಪ್ರತಿ ಯಂತ್ರಕ್ಕೆ 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತಗೊಂಡಿತು. ವಯನಾಡು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯ ಗಣಕಗಳೂ, ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಇದಕ್ಕೆ ತುತ್ತಾದವು. ಗಡಿಯ ಸಣ್ಣ ಊರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಈ ವರ್ಮ್ ಊರನ್ನು ನೋಡದೆ ದೋಷವನ್ನಷ್ಟೇ ಹುಡುಕುತ್ತಿತ್ತು. ಅದು ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಆ ವರ್ಷದ ಮಾರ್ಚ್ 14ರಂದೇ ಪರಿಹಾರವನ್ನು ಬಿಡುಗಡೆ ಮಾಡಿತ್ತು. ಸುಮಾರು ಎರಡು ತಿಂಗಳ ಅವಧಿಯಲ್ಲಿ ಅದನ್ನು ಅಳವಡಿಸಿಕೊಂಡಿದ್ದವರ ಯಂತ್ರಗಳಿಗೆ ಆ ದಾರಿಯಿಂದ ವಾನಾಕ್ರೈ ನುಗ್ಗಲಾಗಲಿಲ್ಲ.

ಮೊದಲ ಪ್ರಸಂಗದಲ್ಲಿ ಬಾಗಿಲನ್ನು ಬಳಕೆದಾರರೇ ತೆರೆದುಕೊಟ್ಟರು. ಎರಡನೆಯದರಲ್ಲಿ ತೆರೆದಿದ್ದ ಬಾಗಿಲನ್ನು ಮುಚ್ಚಲು ಮರೆತರು. ಮನೆಯ ಗಣಕಕ್ಕೆ ಬರುವ ಅಪಾಯಗಳಲ್ಲಿ ಬಹುಪಾಲು ಈ ಎರಡು ಬಗೆಗೆ ಸೇರುತ್ತವೆ.

ಶಿಕ್ಷಕರಿಗೆ ಹೆಚ್ಚು ಪರಿಚಿತವಾದ ಮೂರನೆಯ ದಾರಿ ಪೆನ್‌ಡ್ರೈವ್. ಶಾಲೆ, ಜೆರಾಕ್ಸ್ ಅಂಗಡಿ, ಮನೆ ಎಂದು ಅದು ದಿನವೂ ಸುತ್ತುತ್ತದೆ. ಕೆಲವು ಕುತಂತ್ರಾಂಶಗಳು ಪೆನ್‌ಡ್ರೈವಿನಲ್ಲಿರುವ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅಲ್ಲಿ ಇಡುತ್ತವೆ. ‘ಏಳನೇ ತರಗತಿ’ ಎಂಬ ಹೆಸರಿನ ಮೇಲೆ ಒತ್ತಿದರೆ ತೆರೆಯುವುದು ಪಾಠದ ಜೊತೆಗೆ ಕುತಂತ್ರಾಂಶವೂ ಹೌದು. ಚಿಹ್ನೆಯ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಅದನ್ನು ಒತ್ತಬಾರದು. ಕೇರಳದ ಸರಕಾರಿ ಶಾಲೆಗಳ ಗಣಕಗಳಲ್ಲಿ ಲಿನಕ್ಸ್ ಆಧಾರಿತ ವ್ಯವಸ್ಥೆ ಬಳಕೆಯಲ್ಲಿದೆ. ವಿಂಡೋಸಿಗಾಗಿ ಬರೆದ ಕುತಂತ್ರಾಂಶ ಅಲ್ಲಿ ಸಾಮಾನ್ಯವಾಗಿ ನಡೆಯದು. ಆದರೆ ಪೆನ್‌ಡ್ರೈವಿನಲ್ಲಿ ಸುಮ್ಮನೆ ಕುಳಿತು, ಮನೆಯ ವಿಂಡೋಸ್ ಯಂತ್ರಕ್ಕೆ ಬಂದಾಗ ಎಚ್ಚರಗೊಳ್ಳಬಲ್ಲದು. ಶಾಲೆಯಲ್ಲಿ ತೊಂದರೆ ಕಾಣಲಿಲ್ಲವೆಂಬುದು ಪೆನ್‌ಡ್ರೈವ್ ಶುದ್ಧವಾಗಿದೆ ಎಂಬುದಕ್ಕೆ ಪ್ರಮಾಣವಲ್ಲ.

ಇನ್ನು ರಕ್ಷಣೆಯ ಕ್ರಮಗಳು.

ಮೊದಲನೆಯದು, ಪರಿಷ್ಕರಣೆ. ‘ಅಪ್‌ಡೇಟ್’ ಎಂಬ ಸೂಚನೆಯನ್ನು ನಾಳೆಗೆ ಮುಂದೂಡುವುದು ಸಲ್ಲದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಕ್ಕೆ ವಿಂಡೋಸ್ 11 ಹೊಂದದಿದ್ದರೆ ಉಚಿತವಾದ ಲಿನಕ್ಸ್ ಅಳವಡಿಸುವುದೂ ಒಂದು ಮಾರ್ಗ.

ಎರಡನೆಯದು, ತಂತ್ರಾಂಶದ ಮೂಲ. ಕದ್ದ ತಂತ್ರಾಂಶ ಮತ್ತು ಅದನ್ನು ತೆರೆಯುವ ‘ಕ್ರ್ಯಾಕ್’ಗಳು ಟ್ರೋಜನ್‌ಗಳ ನೆಚ್ಚಿನ ವಾಹನ. ಕನ್ನಡ ಬೆರಳಚ್ಚಿಗಾಗಿ ಕಂಡಕಂಡಲ್ಲಿಂದ ತಂತ್ರಾಂಶ ಇಳಿಸಿಕೊಳ್ಳುವ ಅಗತ್ಯವೂ ಇಲ್ಲ. ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲಿಯೂ ಕನ್ನಡ ಕೀಲಿಮಣೆ ಅಡಕವಾಗಿದೆ. ಬೇರೆ ತಂತ್ರಾಂಶ ಬೇಕಾದಲ್ಲಿ ಅದನ್ನು ರೂಪಿಸಿದವರಿಂದಲೇ ಪಡೆಯತಕ್ಕದ್ದು.

ಮೂರನೆಯದು, ತೆರೆಯುವ ಮೊದಲು ಓದುವುದು. ಎಚ್ಚರಿಕೆಯ ಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಅರ್ಥವಾಗದಿದ್ದರೂ ‘ಓಕೆ’ ಒತ್ತುವುದು ಮನೆಮನೆಯ ರೂಢಿ. ಅರ್ಥವಾಗದ ಸಂದೇಶಕ್ಕೆ ಒಪ್ಪಿಗೆ ಕೊಡಬಾರದು. ಕಡತದ ಪೂರ್ಣ ಹೆಸರು ಕಾಣುವಂತೆ ವಿಂಡೋಸಿನಲ್ಲಿ ಹೊಂದಿಸಿಕೊಂಡರೆ, ‘ಪ್ರಶ್ನೆಪತ್ರಿಕೆ.ಪಿಡಿಎಫ್.ಇಎಕ್ಸ್‌ಇ’ ಎಂಬಂಥ ಮೋಸ ಕಣ್ಣಿಗೆ ಬೀಳುತ್ತದೆ. ವಿಂಡೋಸಿನಲ್ಲಿಯೇ ಇರುವ ಡಿಫೆಂಡರ್ ರಕ್ಷಕವನ್ನು ಸದಾ ಚಾಲನೆಯಲ್ಲಿಟ್ಟು, ಪೆನ್‌ಡ್ರೈವನ್ನು ಅದರಿಂದ ಪರೀಕ್ಷಿಸಿದ ಬಳಿಕವೇ ತೆರೆಯಬೇಕು. ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆ ಮಾಡಿಕೊಡುವುದು ಒಳ್ಳೆಯದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿಗಳು. ಮಹತ್ವದ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬುದು ಬಲ್ಲವರ ಸೂತ್ರ. ಪ್ರತಿ ಇರಿಸಿದ ಹಾರ್ಡ್‌ಡಿಸ್ಕನ್ನು ಕೆಲಸ ಮುಗಿದೊಡನೆ ಬಿಡಿಸಿಡಬೇಕು. ಜೋಡಿಸಿಯೇ ಇದ್ದರೆ ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಒಂದೇ ತಾಲೂಕಿನ ಇಬ್ಬರು ಶಿಕ್ಷಕರು ಪರಸ್ಪರರ ಪಾಠ ಸಾಮಗ್ರಿಯ ಪ್ರತಿಯನ್ನು ಇರಿಸಿಕೊಂಡರೆ ಖರ್ಚಿಲ್ಲದೆ ಇಬ್ಬರ ದುಡಿಮೆಯೂ ಉಳಿಯುತ್ತದೆ.

ಇಷ್ಟಾಗಿಯೂ ಸೋಂಕು ತಗುಲಿದರೆ ಮೊದಲು ಅಂತರಜಾಲದ ಸಂಪರ್ಕ ಕಡಿಯಬೇಕು. ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧ ಯಂತ್ರದಿಂದ ಬದಲಿಸಬೇಕು. ಕೇಳಿದ ಹಣ ಕೊಟ್ಟರೂ ಕಡತ ಮರಳುವ ಭರವಸೆಯಿಲ್ಲ. ಭಾರತ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರವು ಶುದ್ಧೀಕರಣದ ಉಚಿತ ಸಾಧನಗಳನ್ನು ಒದಗಿಸುತ್ತದೆ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ದೂರು ನೀಡಬೇಕು.

ಈ ವಿಷಯವನ್ನು ತರಗತಿಗೂ ಒಯ್ಯಬಹುದು. ಪರದೆಯ ಮೇಲೆ ಬರುವ ಐದಾರು ಎಚ್ಚರಿಕೆಯ ವಾಕ್ಯಗಳನ್ನು ಮಕ್ಕಳಿಂದ ಸರಳ ಕನ್ನಡಕ್ಕೆ ತರಿಸಿ, ಆ ಹಾಳೆಯನ್ನು ಗಣಕದ ಪಕ್ಕದಲ್ಲಿ ಅಂಟಿಸಿದರೆ ಭಾಷಾಭ್ಯಾಸವೂ ಆಯಿತು, ಮನೆಗೆ ಕಾವಲೂ ಆಯಿತು. ಈ ವಾರವೇ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ಪಾಠ ಸಾಮಗ್ರಿಯ ಒಂದು ಪ್ರತಿಯನ್ನು ಮನೆಯ ಹೊರಗೆ ಸುರಕ್ಷಿತವಾಗಿರಿಸಿದರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ.