ಬ್ಯಾರೆಲ್‌ನಲ್ಲಿ ಇನ್ನೂ ಎಷ್ಟು ದಿನ? ನಾನು ಹಾಳು ಮಾಡಿದ ಬಿಯರ್ ನನಗೆ ಕಲಿಸಿದ್ದು



ನಾನು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ಬಿಯರ್ ಮಾಡೋ ಕೆಲಸ ಮಾಡ್ತೀನಿ. ಊರು ಸಕಲೇಶಪುರದ ಹತ್ತಿರ, ಓದಿದ್ದು ಮೈಕ್ರೋಬಯಾಲಜಿ. ಊರಲ್ಲಿ ಯಾರಾದ್ರೂ ಕೇಳಿದ್ರೆ ಅಪ್ಪ ಇವತ್ತಿಗೂ "ಮಗ ಫುಡ್ ಕಂಪನಿಲಿದಾನೆ" ಅಂತಾನೇ ಹೇಳೋದು. ಅದರಲ್ಲಿ ಸುಳ್ಳೇನಿಲ್ಲ ಬಿಡಿ.

ಇವತ್ತು ಮಾತಾಡೋದು ಬ್ಯಾರೆಲ್ ಬಗ್ಗೆ. ಮರದ ಪೀಪಾಯಿಯಲ್ಲಿ ಬಿಯರ್ ಇಟ್ಟರೆ ರುಚಿ ಹೇಗೆ ಬದಲಾಗುತ್ತೆ, ಎಷ್ಟು ದಿನ ಇಟ್ಟರೆ ಚೆನ್ನ, ಯಾವಾಗ ಕೈ ಮೀರುತ್ತೆ ಅಂತ. ಕುಡೀರಿ ಅಂತ ಹೇಳೋಕೆ ಬಂದಿಲ್ಲ. ಕುಡಿಯದೇ ಇರೋರಿಗೂ ಇದರಲ್ಲಿ ಒಂದು ವಿಷಯ ಇದೆ: "ಹೆಚ್ಚು ದಿನ ಅಂದ್ರೆ ಹೆಚ್ಚು ಒಳ್ಳೇದು" ಅನ್ನೋ ನಂಬಿಕೆ ನನ್ನ ಕೈಲಿ ಎಂಥ ಕೆಲಸ ಮಾಡಿಸ್ತು ಅನ್ನೋದು.

ಮೊದಲ ಬ್ಯಾರೆಲ್

ಹೋದ ವರ್ಷ ಜನವರಿ. ವಿಸ್ಕಿ ಖಾಲಿ ಮಾಡಿದ್ದ ಒಂದು ಓಕ್ ಬ್ಯಾರೆಲ್ ನಮ್ಮಲ್ಲಿಗೆ ಬಂತು, 200 ಲೀಟರ್ ಹಿಡಿಯೋದು. ಓನರ್‌ಗೆ ಇದರಲ್ಲಿ ಅಷ್ಟು ನಂಬಿಕೆ ಇರಲಿಲ್ಲ. "ಜಾಗ ತಿನ್ನುತ್ತೆ, ದುಡ್ಡು ತಿನ್ನುತ್ತೆ" ಅಂದ್ರು. ನಾನೂ ನಮ್ಮ ಹೆಡ್ ಬ್ರೂವರೂ ಸೇರಿ ಒಪ್ಪಿಸಿದ್ವಿ. ಬಿಸಿನೀರು ತುಂಬಿ ಮರ ಉಬ್ಬಿಸಿ, ಸೋರ್ತಾ ಇಲ್ಲ ಅಂತ ನೋಡ್ಕೊಂಡು, ನಮ್ಮ ಸ್ಟೌಟ್ ತುಂಬಿದ್ವಿ. ಸ್ಟೌಟ್ ಅಂದ್ರೆ ಹುರಿದ ಬಾರ್ಲಿಯಿಂದ ಮಾಡೋ ಕಪ್ಪು ಬಿಯರ್. ಕಾಫಿ, ಚಾಕೊಲೇಟ್ ನೆನಪಿಸೋ ರುಚಿ. ನಮ್ಮದರಲ್ಲಿ ಆಲ್ಕೋಹಾಲ್ 7 ಪರ್ಸೆಂಟ್.

ಮೂರನೇ ವಾರ ರುಚಿ ನೋಡಿದ್ವಿ. ಬಿಯರ್ ಒಂದು ಕಡೆ, ವಿಸ್ಕಿ ಒಂದು ಕಡೆ. ಫಿಲ್ಟರ್ ಕಾಫಿಗೆ ಯಾರೋ ಮೇಲಿಂದ ವಿಸ್ಕಿ ಸುರಿದ ಹಾಗಿತ್ತು. ಅದಕ್ಕೆ ಕಾರಣ ಇದೆ. ಖಾಲಿ ಅಂತ ನಾವು ಕರೆಯೋ ಬ್ಯಾರೆಲ್ ನಿಜವಾಗಿ ಖಾಲಿ ಇರಲ್ಲ. ಹಲಗೆಯೊಳಗೆ ಕೆಲವು ಲೀಟರ್ ವಿಸ್ಕಿ ಹೀರಿಕೊಂಡಿರುತ್ತೆ. ಬಿಯರ್ ಹಾಕಿದ ಕೂಡಲೇ ಮೊದಲು ಹೊರಗೆ ಬರೋದು ಅದೇ.

ಎಂಟನೇ ವಾರ ಮತ್ತೆ ನೋಡಿದ್ವಿ. ವೆನಿಲಾ, ತುರಿದ ಕೊಬ್ಬರಿ, ಹಿಂದೆ ಸ್ವಲ್ಪ ಲವಂಗ. ಎಲ್ಲ ಒಂದಕ್ಕೊಂದು ಹೊಂದ್ಕೊಂಡಿತ್ತು. ಹೆಡ್ ಬ್ರೂವರ್ ಗ್ಲಾಸ್ ಕೆಳಗಿಟ್ಟು, "ತೆಗೆದುಬಿಡೋಣ ಕಣೋ, ಸಾಕು" ಅಂದ್ರು.

ನಾನು ಹೇಳಿದ್ದು ಈಗಲೂ ನೆನಪಿದೆ. "ಸರ್, ಎಂಟು ವಾರ ಅಂತ ಬೋರ್ಡ್ ಮೇಲೆ ಬರೆದ್ರೆ ಯಾರು ಬೆಲೆ ಕೊಡ್ತಾರೆ? ಆರು ತಿಂಗಳು ಅಂತ ಬರೀಬೇಕು. ಅಮೆರಿಕದಲ್ಲಿ ಒಂದು ವರ್ಷ ಇಡ್ತಾರೆ."

ಅವರು ಒಂದು ನಿಮಿಷ ಸುಮ್ಮನಿದ್ದು, "ನಿನ್ನ ಬ್ಯಾರೆಲ್. ನೀನೇ ನೋಡ್ಕೋ" ಅಂದ್ರು.

ಮರದೊಳಗೆ ನಡೆಯೋದೇನು?

ಏನಾಯ್ತು ಅಂತ ಹೇಳೋ ಮುಂಚೆ ಇದು ಗೊತ್ತಿರಬೇಕು. ಓಕ್ ಮರದಲ್ಲಿ ಲಿಗ್ನಿನ್ ಅನ್ನೋ ವಸ್ತು ಇದೆ. ಬ್ಯಾರೆಲ್ ಮಾಡುವಾಗ ಒಳಭಾಗವನ್ನು ಬೆಂಕಿಯಲ್ಲಿ ಸುಡುತ್ತಾರೆ. ಆಗ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಐಸ್‌ಕ್ರೀಮ್‌ನಲ್ಲಿ ನಾವು ಗುರುತಿಸುವ ಅದೇ ವೆನಿಲಾ ಪರಿಮಳ. ಕೊಬ್ಬರಿ ವಾಸನೆ ಕೊಡೋದು ಓಕ್ ಲ್ಯಾಕ್ಟೋನ್. ಲವಂಗದಲ್ಲಿರುವ ಯುಜೆನಾಲ್ ಓಕ್‌ನಲ್ಲೂ ಇದೆ. ಮರದ ಸಕ್ಕರೆ ಅಂಶ ಸುಟ್ಟಾಗ ಕ್ಯಾರಮೆಲ್, ಸುಟ್ಟ ಬಾದಾಮಿಯ ಥರ ವಾಸನೆ ಬರುತ್ತದೆ.

ಇವೆಲ್ಲ ಒಂದೇ ವೇಗದಲ್ಲಿ ಬಿಯರ್‌ಗೆ ಇಳಿಯಲ್ಲ. ಮೊದಲು ವಿಸ್ಕಿ, ಆಮೇಲೆ ವೆನಿಲಾ, ಕೊಬ್ಬರಿ. ಜೊತೆಜೊತೆಗೇ ನಿಧಾನಕ್ಕೆ ಟ್ಯಾನಿನ್ ಏರುತ್ತಾ ಹೋಗುತ್ತದೆ. ಟ್ಯಾನಿನ್ ಅಂದ್ರೆ ನಮಗೆ ಗೊತ್ತಿರೋ ಒಗರು. ಬಾಳೆಕಾಯಿ ಕಚ್ಚಿದಾಗ, ಜಾಸ್ತಿ ಕುದ್ದ ಟೀ ಕುಡಿದಾಗ ನಾಲಿಗೆ ಒಣಗಿದ ಹಾಗಾಗುತ್ತಲ್ಲ, ಅದು. ಸ್ವಲ್ಪ ಒಗರಿದ್ರೆ ಬಿಯರ್‌ಗೆ ಗಟ್ಟಿತನ ಬರುತ್ತೆ. ಹೆಚ್ಚಾದ್ರೆ ಮರದ ಪುಡಿ ನೆಕ್ಕಿದ ಹಾಗೆ.

ಇನ್ನೊಂದು ಗಾಳಿ. ಮರದ ಮೂಲಕ, ಹಲಗೆ ಸಂದಿನ ಮೂಲಕ ಆಮ್ಲಜನಕ ತುಂಬ ನಿಧಾನವಾಗಿ ಒಳಗೆ ಹೋಗುತ್ತದೆ. ಹಿಡಿತದಲ್ಲಿದ್ದರೆ ಖರ್ಜೂರ, ಒಣದ್ರಾಕ್ಷಿಯಂಥ ರುಚಿ ಬರುತ್ತದೆ. ಹಿಡಿತ ತಪ್ಪಿದರೆ ಒದ್ದೆ ರಟ್ಟಿನ ವಾಸನೆ. ಅದಕ್ಕಿಂತ ಕೆಟ್ಟದ್ದು, ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಆ ಗಾಳಿ ಬಳಸಿಕೊಂಡು ಆಲ್ಕೋಹಾಲನ್ನು ವಿನೆಗರ್ ಮಾಡಿಬಿಡುತ್ತದೆ.

ಜೂನ್‌ನಲ್ಲಿ ಏನಾಯ್ತು

ಮಾರ್ಚ್ ಕಳೀತು. ಏಪ್ರಿಲ್, ಮೇ ಬೆಂಗಳೂರು ಹೇಗಿರುತ್ತೆ ನಿಮಗೇ ಗೊತ್ತು. ಬ್ಯಾರೆಲ್ ಇದ್ದದ್ದು ಹಿಂದಿನ ಸ್ಟೋರ್‌ನಲ್ಲಿ, ಎಸಿ ಇಲ್ಲ. ನಾನು ವಾರಕ್ಕೊಂದು ಸಲ ಮೇಲಿನ ಬಿರಡೆ ತೆಗೆದು, ಪೈಪ್ ಹಾಕಿ ರುಚಿ ನೋಡ್ತಿದ್ದೆ. ಕಾಳಜಿ ಮಾಡ್ತಿದೀನಿ ಅಂದ್ಕೊಂಡಿದ್ದೆ.

ಮೇ ಕೊನೆಗೆ ಮೂಗಿಗೆ ಏನೋ ಚುರುಕು ಹೊಡೀತು. "ಇದೇ ಕಾಂಪ್ಲೆಕ್ಸಿಟಿ ಇರಬೇಕು" ಅಂತ ನನಗೆ ನಾನೇ ಹೇಳ್ಕೊಂಡೆ. ಜೂನ್ ಮಧ್ಯದಲ್ಲಿ ತೆಗೆದಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೊದಲು ವಿನೆಗರ್, ಹಿಂದೆ ಒಗರು, ಅದರ ಹಿಂದೆ ರಟ್ಟು. ಹತ್ತಿರ ಹತ್ತಿರ 15 ಲೀಟರ್ ಕಡಿಮೆಯಾಗಿತ್ತು. ಅಷ್ಟು ಜಾಗದಲ್ಲಿ ಗಾಳಿ ಕೂತಿತ್ತು. ನಾನು ಒಂದು ಸಲವೂ ಮತ್ತೆ ತುಂಬಿರಲಿಲ್ಲ.

ಉಳಿದ 185 ಲೀಟರನ್ನು ಹೊಸ ಬಿಯರ್ ಜೊತೆ ಬೆರೆಸಿ ಉಳಿಸಬಹುದಾ ಅಂತ ನೋಡಿದ್ವಿ. ಹತ್ತಕ್ಕೆ ಒಂದು ಪಾಲು ಹಾಕಿದ್ರೂ ವಿನೆಗರ್ ತಲೆ ಎತ್ತುತ್ತಿತ್ತು. ಅರ್ಧ ಲೀಟರ್ ಲೆಕ್ಕದಲ್ಲಿ 370 ಗ್ಲಾಸ್. ಮೋರಿಗೆ ಬಿಟ್ವಿ. ಪೈಪ್ ಹಿಡ್ಕೊಂಡು ನಿಂತಿದ್ದು ನಾನೇ. ಹೆಡ್ ಬ್ರೂವರ್ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಬೇರೆಯವರ ಕ್ಯಾಲೆಂಡರ್

ನನ್ನ ತಪ್ಪು ಎಲ್ಲಿ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಎರವಲು ತಂದಿದ್ದು ಶಿಕಾಗೋ ಕ್ಯಾಲೆಂಡರ್. ಬೂರ್ಬನ್ ಬ್ಯಾರೆಲ್‌ನಲ್ಲಿ ಸ್ಟೌಟ್ ಇಡೋದನ್ನ 1990ರ ದಶಕದಲ್ಲಿ ಜನಪ್ರಿಯ ಮಾಡಿದ್ದು ಅಲ್ಲಿನ ಗೂಸ್ ಐಲ್ಯಾಂಡ್‌ನ ಗ್ರೆಗ್ ಹಾಲ್. ಅವರ ಬೂರ್ಬನ್ ಕೌಂಟಿ ಸ್ಟೌಟ್ ಸುಮಾರು ಒಂದು ವರ್ಷ ಬ್ಯಾರೆಲ್‌ನಲ್ಲಿರುತ್ತೆ. ಆದ್ರೆ ಅದರ ಆಲ್ಕೋಹಾಲ್ 14 ಪರ್ಸೆಂಟ್ ಆಸುಪಾಸು. ನಮ್ಮದರ ಎರಡರಷ್ಟು. ಅಷ್ಟು ಸ್ಟ್ರಾಂಗ್ ಇದ್ದರೆ ಎಷ್ಟೋ ಸೂಕ್ಷ್ಮಜೀವಿಗಳಿಗೆ ಬದುಕೋದೇ ಕಷ್ಟ. ಅಲ್ಲಿ ಮರಗಟ್ಟಿಸೋ ಚಳಿಗಾಲವೂ ಇದೆ. ಇಷ್ಟಿದ್ದೂ 2015ರಲ್ಲಿ ಅವರ ಕೆಲವು ಬಾಟಲಿಗಳು ಹುಳಿ ಬಂದವು. ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಗ್ರಾಹಕರಿಗೆ ಹಣ ವಾಪಸ್ ಕೊಟ್ಟರು, ಮುಂದಿನ ವರ್ಷದಿಂದ ಪಾಶ್ಚರೀಕರಣ ಶುರು ಮಾಡಿದರು.

ನಮ್ಮೂರಿನ ಲೆಕ್ಕ ಬೇಕಿದ್ರೆ ನಾನು ನೋಡಬೇಕಿದ್ದದ್ದು ನಮ್ಮೂರಿನ ವಿಸ್ಕಿಯವರನ್ನ. ಅಮೃತ್ ಸಿಂಗಲ್ ಮಾಲ್ಟ್ ಗೊತ್ತಲ್ಲ, ಬೆಂಗಳೂರಿನದ್ದು, 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ. ಬ್ಯಾರೆಲ್‌ನಿಂದ ಆವಿಯಾಗಿ ಹೋಗೋದಕ್ಕೆ ವಿಸ್ಕಿ ಮಂದಿ 'ದೇವತೆಗಳ ಪಾಲು' ಅಂತಾರೆ. ಸ್ಕಾಟ್ಲೆಂಡ್‌ನಲ್ಲಿ ಅದು ವರ್ಷಕ್ಕೆ 2 ಪರ್ಸೆಂಟ್ ಸುಮಾರು. ಬೆಂಗಳೂರಲ್ಲಿ 10ರಿಂದ 12. ಇಲ್ಲಿ ಮರ ಬೇಗ ಕೆಲಸ ಮಾಡುತ್ತೆ, ಅಷ್ಟೇ ಬೇಗ ಕಸಿದುಕೊಳ್ಳುತ್ತೆ. ಅಲ್ಲಿಯ ಒಂದು ವರ್ಷ ಇಲ್ಲಿಯ ಒಂದು ವರ್ಷ ಅಲ್ಲ.

ಬ್ಯಾರೆಲ್ ಗಾತ್ರವೂ ಮುಖ್ಯ. ಅದೇ ಆಕಾರದ 20 ಲೀಟರ್ ಬ್ಯಾರೆಲ್ ತಗೊಂಡ್ರೆ, ಒಂದೊಂದು ಲೀಟರ್ ಬಿಯರ್‌ಗೆ ತಾಗುವ ಮರ 200 ಲೀಟರ್ ಬ್ಯಾರೆಲ್‌ಗಿಂತ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ಅದರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಗರೇ ಗತಿ. ಹಾಗೇ ಬ್ಯಾರೆಲ್‌ನ ಎಷ್ಟನೇ ಬಳಕೆ ಅನ್ನೋದೂ. ಟೀ ಪುಡಿಗೆ ಎರಡನೇ ಸಲ ನೀರು ಹಾಕಿದ ಹಾಗೆ, ಎರಡನೇ ಬಿಯರ್‌ಗೆ ಸಿಗೋ ವೆನಿಲಾ ತುಂಬ ಕಡಿಮೆ.

ಕಾಯಬೇಕಾದವರೂ ಇದ್ದಾರೆ

ಹಾಗಂತ ಬೇಗ ತೆಗೆಯೋದೇ ಸರಿ ಅಂತಲೂ ಅಲ್ಲ. ಬೆಲ್ಜಿಯಂನ ಲ್ಯಾಂಬಿಕ್ ಬಿಯರ್ ನೋಡಿ. ಅದಕ್ಕೆ ಯೀಸ್ಟ್ ಹಾಕಲ್ಲ, ಗಾಳಿಯಿಂದ, ಮರದಿಂದ ಬಂದ ಸೂಕ್ಷ್ಮಜೀವಿಗಳೇ ಹುದುಗಿಸುತ್ತವೆ. ಮೊದಲ ವರ್ಷದಲ್ಲಿ ಒಂದು ಹಂತದಲ್ಲಿ ಅದು ಲೋಳೆ ಲೋಳೆಯಾಗುತ್ತೆ, ಸುರಿದರೆ ನೂಲು ನೂಲು. ಪೀಡಿಯೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಕೆಲಸ. ಆಗ ನಾನಿದ್ದಿದ್ರೆ ಖಂಡಿತ ಮೋರಿಗೆ ಬಿಡ್ತಿದ್ದೆ. ಗೊತ್ತಿರೋರು ಸುಮ್ಮನೆ ಬಿಡ್ತಾರೆ. ಬ್ರೆಟಾನೊಮೈಸಿಸ್ ಅನ್ನೋ ಇನ್ನೊಂದು ಯೀಸ್ಟ್ ಬಂದು ಆ ಲೋಳೆಯನ್ನು ನಿಧಾನವಾಗಿ ತಿಂದು ತಿಳಿ ಮಾಡುತ್ತೆ.

ಬ್ರಸೆಲ್ಸ್‌ನಲ್ಲಿ 1900ರಿಂದ ಇರುವ ಕಾಂಟಿಯೋನ್‌ನವರು ಗೂಜ್ ಮಾಡುವಾಗ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸುತ್ತಾರೆ. ಹಳೆಯದರಿಂದ ಪರಿಮಳ, ಆಳ. ಹೊಸದರಲ್ಲಿ ಉಳಿದ ಸಕ್ಕರೆಯಿಂದ ಬಾಟಲಿಯೊಳಗೆ ನೊರೆ. ಅದೇ ದೇಶದ ರೋಡೆನ್‌ಬಾಕ್ ದೊಡ್ಡ ದೊಡ್ಡ ಓಕ್ ತೊಟ್ಟಿಗಳಲ್ಲಿ ಸುಮಾರು ಎರಡು ವರ್ಷ ಇಡುತ್ತೆ, ಆದ್ರೆ ಅವರ ಕ್ಲಾಸಿಕ್ ಬಿಯರ್‌ನಲ್ಲಿ ಆ ಹಳೇದು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಎಳೆಯ ಬಿಯರ್. ಇದು ಓದಿದಾಗ ನನಗೆ ಸ್ವಲ್ಪ ನಾಚಿಕೆ ಆಯ್ತು. ನೂರಾರು ವರ್ಷದ ಅನುಭವ ಇರೋರೇ ಹಳೇದಕ್ಕೆ ಹೊಸದು ಬೆರೆಸ್ತಾರೆ. ನಾನು ಬೋರ್ಡ್ ಮೇಲಿನ ಅಂಕಿಗೋಸ್ಕರ ಕಾಯ್ತಿದ್ದೆ.

ಅಜ್ಜಿಯ ಭರಣಿ

ನಮ್ಮಜ್ಜಿ ಮಿಡಿ ಉಪ್ಪಿನಕಾಯಿ ಹಾಕ್ತಿದ್ರು. ದೊಡ್ಡ ಭರಣಿಗೆ ಬಟ್ಟೆ ಕಟ್ಟಿ ಅಟ್ಟದ ಕತ್ತಲಲ್ಲಿ ಇಡೋರು. ಅದನ್ನ ನಾವ್ಯಾರೂ ಮುಟ್ಟೋ ಹಾಗಿರಲಿಲ್ಲ. ದಿನದ ಊಟಕ್ಕೆ ಅಂತ ಒಂದು ಸಣ್ಣ ಜಾಡಿಗೆ ಅಜ್ಜಿಯೇ ತೆಗೆದುಕೊಡೋರು. "ತೆಗೆದೂ ತೆಗೆದೂ ನೋಡಿದ್ರೆ ಬೂಷ್ಟು ಬರುತ್ತೆ ಕಣೋ" ಅನ್ನೋರು. ಮೈಕ್ರೋಬಯಾಲಜಿ ಓದಿದ ಮೊಮ್ಮಗ ಅದನ್ನೇ ಮರೆತು, ವಾರಕ್ಕೊಂದು ಸಲ ಬಿರಡೆ ಕಿತ್ತು ಗಾಳಿ ತುಂಬಿಸಿದ.

ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿಯ ವಿನ್ನಿ ಸಿಲರ್ಜೋ ಇದಕ್ಕೆ ಒಂದು ಸರಳ ಉಪಾಯ ಪ್ರಸಿದ್ಧಿ ಮಾಡಿದ್ದಾರೆ. ಬ್ಯಾರೆಲ್‌ನ ಮುಂಭಾಗದ ಹಲಗೆಗೆ ಸಣ್ಣ ತೂತು ಕೊರೆದು ಸ್ಟೀಲ್ ಮೊಳೆ ಹೊಡೆಯೋದು. ಮೊಳೆ ಎಳೆದರೆ ಸಣ್ಣ ಧಾರೆ ಗ್ಲಾಸಿಗೆ ಬೀಳುತ್ತೆ, ಮತ್ತೆ ಮೊಳೆ ಒತ್ತಿದರೆ ಮುಗೀತು. ಬಿರಡೆ ತೆಗೆಯೋದೇ ಬೇಡ. ಮೊಳೆಗೆ ಎಷ್ಟಾಗುತ್ತೆ ಹೇಳಿ? ನನ್ನ 370 ಗ್ಲಾಸ್ ಉಳೀತಿತ್ತೋ ಇಲ್ಲವೋ ಗೊತ್ತಿಲ್ಲ, ಆದ್ರೆ ಅಷ್ಟು ಬೇಗ ಹಾಳಾಗ್ತಿರಲಿಲ್ಲ.

ಎರಡನೇ ಬ್ಯಾರೆಲ್

ಓನರ್ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. "ಇದೇ ಕೊನೇದು" ಅಂತ ಹೇಳಿಯೇ ಕೊಟ್ಟಿದ್ದು. ಈ ಸಲ ಬ್ಯಾರೆಲ್ ತಣ್ಣನೆ ರೂಮಲ್ಲಿದೆ. ಮೊಳೆ ಹೊಡೆದಿದೀನಿ. ಕಡಿಮೆಯಾದಷ್ಟು ಅದೇ ಸ್ಟೌಟ್ ತುಂಬ್ತಾ ಬಂದಿದೀನಿ. ರುಚಿ ನೋಡೋದು ಮೂರು ವಾರಕ್ಕೊಂದು ಸಲ, ನೋಡಿದ್ದನ್ನ ಅವತ್ತೇ ನೋಟ್‌ಬುಕ್‌ನಲ್ಲಿ ಬರೀತೀನಿ: ವಿಸ್ಕಿ, ವೆನಿಲಾ, ಒಗರು, ಹುಳಿ, ರಟ್ಟು, ಒಂದೊಂದಕ್ಕೆ ಐದಕ್ಕೆ ಎಷ್ಟು ಅಂತ. ನೆನಪು ನಮಗೆ ಬೇಕಾದ ಹಾಗೆ ಬದಲಾಗುತ್ತೆ, ಪುಸ್ತಕದಲ್ಲಿ ಬರೆದದ್ದು ಬದಲಾಗಲ್ಲ.

ನಾಳೆಗೆ ಹನ್ನೆರಡನೇ ವಾರ. ಒಂಬತ್ತನೇ ವಾರದ ಪುಟದಲ್ಲಿ ವೆನಿಲಾ ಮೂರು, ಒಗರು ಒಂದು, ಹುಳಿ ಸೊನ್ನೆ ಅಂತಿದೆ. ಹೆಡ್ ಬ್ರೂವರ್ ಊರಿಗೆ ಹೋಗಿದ್ದಾರೆ. ಫೋನ್ ಮಾಡಿ "ಸರ್, ನಾಳೆ ಏನ್ ಮಾಡ್ಲಿ?" ಅಂದೆ. "ನಾಲಿಗೆ ನಿನ್ನ ಹತ್ರಾನೇ ಇದೆಯಲ್ಲ" ಅಂತ ಹೇಳಿ ಇಟ್ಟುಬಿಟ್ರು.

ಒಗರು ಎರಡು ದಾಟಿದ್ದರೆ ನಾಳೆಯೇ ತೆಗೀತೀನಿ. ಮರ ಜೋರಾಗಿದ್ದರೆ ಪಕ್ಕದ ಟ್ಯಾಂಕ್‌ನಲ್ಲಿ ಹೊಸ ಸ್ಟೌಟ್ ರೆಡಿ ಇದೆ, ಬೆರೆಸ್ತೀನಿ. ಬೋರ್ಡ್ ಮೇಲೆ 'ಹನ್ನೆರಡು ವಾರ' ಅಂತಾನೇ ಬರೀತೀನಿ.

ನೀವು ಎಲ್ಲಾದ್ರೂ ಮೆನುವಿನಲ್ಲಿ 'ಹನ್ನೆರಡು ತಿಂಗಳು ಬ್ಯಾರೆಲ್‌ನಲ್ಲಿಟ್ಟ ಬಿಯರ್' ಅಂತ ನೋಡಿದ್ರೆ, ದುಬಾರಿ ಬೆಲೆ ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಬ್ಯಾರೆಲ್‌ನಲ್ಲಿ ಮುಂಚೆ ಏನಿತ್ತು? ಇದು ಎಷ್ಟನೇ ಬಳಕೆ? ಎಷ್ಟು ದೊಡ್ಡದು? ಎಲ್ಲಿಟ್ಟಿದ್ರಿ? ಉತ್ತರ ಗೊತ್ತಿರೋ ಬ್ರೂವರ್ ಆಗಿದ್ರೆ ಖುಷಿಯಿಂದ ಹೇಳ್ತಾನೆ, ನಿಲ್ಲಿಸೋದೇ ಕಷ್ಟ. ಹುಳಿ ಬಂದಿದ್ರೆ, ಅದು ಬೇಕಂತ ಮಾಡಿದ ಹುಳಿಯೋ ಅಲ್ಲವೋ ಅಂತಲೂ ಕೇಳಿಬಿಡಿ. ನನ್ನನ್ನ ಕೇಳಿದ್ರೂ ಬೇಜಾರಿಲ್ಲ.

ಕುಡಿಯೋರು ಮನೆಗೆ ಆಟೋ ಹಿಡೀರಿ. ನಾನು ಬೆಳಗ್ಗೆ ಬೇಗ ಏಳಬೇಕು, ಕಾಫಿ ಕುಡಿಯದೇ ರುಚಿ ನೋಡಬೇಕು.